ಜೆಡ್ಡಾ ಹತ್ರ ಕೇಬಲ್ ಕಟ್ ಆದ್ರೆ ಬೆಂಗಳೂರಲ್ಲಿ ಯಾಕೆ ನಿಧಾನ? ಜೋಡ್ಸೋಕೆ ಯಾಕೆ ಅಷ್ಟು ದಿನ?

2025ರ ಸೆಪ್ಟೆಂಬರ್ 6, ಶನಿವಾರ. ಕೆಂಪು ಸಮುದ್ರದಲ್ಲಿ, ಸೌದಿಯ ಜೆಡ್ಡಾ ಹತ್ರ ಸಮುದ್ರದ ತಳದಲ್ಲಿ ಮಲಗಿರೋ ಇಂಟರ್ನೆಟ್ ಕೇಬಲ್‌ಗಳು ಕಟ್ ಆಗಿವೆ ಅಂತ ಸುದ್ದಿ ಬಂತು. ಭಾರತ, ಪಾಕಿಸ್ತಾನ, ದುಬೈ ಕಡೆ ಎಲ್ಲ ಇಂಟರ್ನೆಟ್‌ಗೆ ಹೊಡೆತ ಅಂತ ಹೆಡ್‌ಲೈನ್ ಓಡಾಡ್ತು. ಅದೇ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನ ಅಜೂರ್ ಕ್ಲೌಡ್ ಬಗ್ಗೆ ಹೇಳಿದ್ದು ಬೇರೆ, ಟ್ರಾಫಿಕ್ಕನ್ನ ಬೇರೆ ದಾರಿಗೆ ತಿರುಗಿಸಿದೀವಿ, ಮಧ್ಯಪ್ರಾಚ್ಯದ ಮೂಲಕ ಹೋಗೋದು ಸ್ವಲ್ಪ ತಡ ಆಗಬಹುದು ಅಷ್ಟೇ ಅಂತ. ಜನಕ್ಕೆ ಗೊಂದಲ ಆಗಿದ್ದು ಇಲ್ಲೇ. ವಾಟ್ಸಾಪ್ ಓಡ್ತಿದೆ, ಯೂಟ್ಯೂಬ್ ಓಡ್ತಿದೆ, ಹಂಗಾದ್ರೆ ಏನು ಕಟ್ ಆಗಿದ್ದು? ಕಟ್ ಆಗಿದ್ದು ಒಂದು ವೈರ್ ಅಂದ್ಮೇಲೆ ಹೋಗಿ ಜೋಡಿಸಿ ಬರೋಕೆ ವಾರಗಟ್ಟಲೆ ಯಾಕೆ ಬೇಕು? ಮತ್ತೆ ಎಲ್ಲಕ್ಕಿಂತ ಜಾಸ್ತಿ ಫಾರ್ವರ್ಡ್ ಆದ ಪ್ರಶ್ನೆ, ಇದನ್ನ ಬೇಕಂತ್ಲೇ ಕತ್ತರಿಸಿದ್ದು ಯಾರು?

ಒಂದೊಂದಾಗಿ ನೋಡೋಣ. ಯಾರು ಕತ್ತರಿಸಿದ್ರು ಅನ್ನೋದು ಇದರಲ್ಲಿ ಅಷ್ಟು ಮುಖ್ಯ ಅಲ್ಲ ಅಂತ ನನಗನ್ಸತ್ತೆ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಕಟ್ ಆಗಿದ್ದು ಏನು

ಇಂಟರ್ನೆಟ್ ಮೇಲೆ ಕಣ್ಣಿಟ್ಟಿರೋ ನೆಟ್‌ಬ್ಲಾಕ್ಸ್ ಸಂಸ್ಥೆ ಮೊದಲು ಹೆಸರಿಸಿದ್ದು ಎರಡು ಕೇಬಲ್. ಒಂದು ಎಸ್‌ಎಂಡಬ್ಲ್ಯೂ-4, ಸಿಂಗಾಪುರದಿಂದ ಹೊರಟು ಚೆನ್ನೈ, ಮುಂಬೈ ಎರಡೂ ಕಡೆ ದಡ ಮುಟ್ಟಿ ಕೆಂಪು ಸಮುದ್ರ, ಈಜಿಪ್ಟ್ ಮೇಲೆ ಫ್ರಾನ್ಸಿನ ಮಾರ್ಸೇಲ್ ತನಕ ಹೋಗತ್ತೆ, 2005ರ ಕೊನೆಯಿಂದ ಓಡ್ತಿದೆ. ಇನ್ನೊಂದು ಐಎಂಇಡಬ್ಲ್ಯೂಇ, ಮುಂಬೈ ಟು ಮಾರ್ಸೇಲ್, 2010ರದ್ದು. ಎರಡೂ ಯಾವುದೋ ಒಂದು ಕಂಪನಿ ಸ್ವತ್ತಲ್ಲ, ಹಲವು ದೇಶದ ಟೆಲಿಕಾಂ ಕಂಪನಿಗಳು ಸೇರಿ ದುಡ್ಡು ಹಾಕಿ ಎಳೆದಿದ್ದು, ನಮ್ಮ ಕಡೆಯಿಂದ ಟಾಟಾ ಕಮ್ಯುನಿಕೇಷನ್ಸ್, ಏರ್‌ಟೆಲ್ ಎರಡರಲ್ಲೂ ಇದಾವೆ.

ಸಮುದ್ರದ ಕೇಬಲ್ ಅಂದ ತಕ್ಷಣ ಆನೆ ಸೊಂಡಿಲಿನಷ್ಟು ದಪ್ಪ ಏನೋ ಅಂದ್ಕೋತೀವಿ. ಆಳ ಸಮುದ್ರದಲ್ಲಿ ಅದು ಎರಡು ಸೆಂಟಿಮೀಟರ್ ಆಸುಪಾಸು, ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡೋ ಪೈಪಿನ ದಪ್ಪ. ದಡದ ಹತ್ರ, ಅಂದ್ರೆ ಬಲೆ, ಲಂಗರು ಬೀಳೋ ಜಾಗದಲ್ಲಿ ಮಾತ್ರ ಸುತ್ತ ಸ್ಟೀಲ್ ತಂತಿ ಸುತ್ತಿ ದಪ್ಪ ಮಾಡಿರ್ತಾರೆ, ಆಗೋ ಕಡೆ ಮಣ್ಣಲ್ಲಿ ಹೂತೂ ಇರ್ತಾರೆ. ಒಳಗಡೆ ತಾಮ್ರದ ಕೊಳವೆ, ಅದರೊಳಗೆ ಗಾಜಿನ ಎಳೆ. ಎಸ್‌ಎಂಡಬ್ಲ್ಯೂ-4 ಒಳಗೆ ಇರೋದು ಎರಡೇ ಜೊತೆ ಫೈಬರ್, ಅಂದ್ರೆ ನಾಲ್ಕೇ ನಾಲ್ಕು ಎಳೆ! ಐಎಂಇಡಬ್ಲ್ಯೂಇನಲ್ಲಿ ಮೂರು ಜೊತೆ. ನಿಮ್ಮ ಏರಿಯಾದ ಕಂಬದ ಮೇಲೆ ನೇತಾಡ್ತಿರೋ ಕೇಬಲ್‌ನಲ್ಲಿ ಇದಕ್ಕಿಂತ ಜಾಸ್ತಿ ಎಳೆ ಇರತ್ತೆ. ತಾಮ್ರ ಇರೋದು ಡೇಟಾಗಲ್ಲ, ಕರೆಂಟಿಗೆ. ಬೆಳಕು ದೂರ ಹೋದಷ್ಟು ಮಂಕಾಗತ್ತಲ್ಲ, ಅದಕ್ಕೆ 60ರಿಂದ 100 ಕಿಲೋಮೀಟರಿಗೆ ಒಂದರಂತೆ ಬೆಳಕಿಗೆ ಮತ್ತೆ ಬಲ ತುಂಬೋ ರಿಪೀಟರ್ ಇಟ್ಟಿರ್ತಾರೆ, ಅದಕ್ಕೆ ದಡದಿಂದಲೇ ಸಾವಿರಾರು ವೋಲ್ಟ್ ಕರೆಂಟ್ ಕಳಿಸಬೇಕು.

ಬಂದ್ ಆಗ್ಲಿಲ್ಲ, ನಿಧಾನ ಆಯ್ತು. ಯಾಕೆ?

ಯೂಟ್ಯೂಬ್ ವಿಡಿಯೋ, ಇನ್‌ಸ್ಟಾ ರೀಲ್ಸ್, ಯುಪಿಐ ಪೇಮೆಂಟ್ ಇವು ಬಹುಪಾಲು ದೇಶದೊಳಗಿನ ಡೇಟಾ ಸೆಂಟರ್‌ಗಳಿಂದಲೇ ನಡಿಯೋದು, ಕೆಂಪು ಸಮುದ್ರಕ್ಕೆ ಹೋಗೋ ಕೆಲಸವೇ ಇಲ್ಲ. ಪೆಟ್ಟು ಬಿದ್ದಿದ್ದು ಯುರೋಪಿನ ಸರ್ವರ್ ಜೊತೆ ನೇರವಾಗಿ ಮಾತಾಡೋ ಕೆಲಸಗಳಿಗೆ, ಅಂದ್ರೆ ಲಂಡನ್ ಕ್ಲೈಂಟ್ ಇರೋ ಬೆಂಗಳೂರಿನ ಆಫೀಸಿನ ವಿಪಿಎನ್ (ಕಂಪನಿಯ ಖಾಸಗಿ ಸುರಕ್ಷಿತ ಲಿಂಕ್), ಕ್ಲೌಡಿಂದ ಕ್ಲೌಡಿಗೆ ಹೋಗೋ ಡೇಟಾ, ಬ್ಯಾಂಕಿನ ಬ್ಯಾಕೆಂಡ್, ವಿಡಿಯೋ ಕಾಲ್ ಇಂಥವಕ್ಕೆ.

ಶಿರಾಡಿ ಘಾಟ್ ಬಂದ್ ಆದಾಗ ಏನಾಗತ್ತೆ? ಮಂಗಳೂರಿಗೆ ಹೋಗೋದು ನಿಲ್ಲಲ್ಲ, ಗಾಡಿಗಳೆಲ್ಲ ಚಾರ್ಮಾಡಿ, ಸಂಪಾಜೆ ಕಡೆ ತಿರುಗ್ತವೆ, ದಾರಿ ಉದ್ದ ಆಗತ್ತೆ, ಮೇಲಾಗಿ ಅಲ್ಲಿ ಜಾಮ್. ಇಲ್ಲೂ ಆಗಿದ್ದು ಇಷ್ಟೇ. ಯುರೋಪಿಗೆ ಹೋಗೋ ಡೇಟಾ ಉಳಿದ ಕೇಬಲ್‌ಗಳ ಮೇಲೆ ಬಿತ್ತು, ಜಾಗ ಸಾಲದೇ ಇದ್ದಿದ್ದು ಚೆನ್ನೈ, ಸಿಂಗಾಪುರ, ಪೆಸಿಫಿಕ್, ಅಮೆರಿಕ ಅಂತ ಭೂಮಿಯನ್ನೇ ಉಲ್ಟಾ ಸುತ್ತಿಕೊಂಡು ಹೋಯ್ತು. ಗಾಜಿನಲ್ಲಿ ಬೆಳಕಿನ ಸ್ಪೀಡ್ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಹಂಗಾಗಿ ದಾರಿ 1000 ಕಿಲೋಮೀಟರ್ ಉದ್ದ ಆದ್ರೆ ಹೋಗಿ ಬರೋಕೆ 10 ಮಿಲಿಸೆಕೆಂಡ್ ಜಾಸ್ತಿ. ಕೇಳೋಕೆ ಏನೂ ಅಲ್ಲ, ಆದ್ರೆ ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರ್ ಸೇರ್ಕೊಂಡ್ರೆ ಕಾಲ್‌ನಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡೋಕೆ ಶುರು ಮಾಡ್ತಾರೆ, ನೂರು ಸಲ ಹೋಗಿಬರೋ ಡೇಟಾಬೇಸ್ ಕೆಲಸ ಇದ್ರೆ ಅದು ತೆವಳ್ತದೆ.

ಇನ್ನೊಂದು ಕಾರಣ ಭೂಗೋಳ. ಏಷ್ಯಾ ಯುರೋಪ್ ನಡುವಿನ ಕೇಬಲ್ ಸಾಮರ್ಥ್ಯದಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಕೆಂಪು ಸಮುದ್ರದ ಮೇಲೇ ಹೋಗತ್ತೆ ಅಂತ ಅಂದಾಜಿದೆ. ಕೆಳಗಡೆ ಬಾಬ್ ಎಲ್ ಮಂದೇಬ್ ಅನ್ನೋ 30 ಕಿಲೋಮೀಟರೂ ಇಲ್ದಿರೋ ಕಿಂಡಿ, ಮೇಲಕ್ಕೆ ಹೋದ್ರೆ ಈಜಿಪ್ಟ್ ನೆಲದ ಮೇಲೆ ದಾಟಿ ಮೆಡಿಟರೇನಿಯನ್ ಸೇರಬೇಕು. ಅದೇ ಕಿಂಡೀಲಿ ಹಡಗುಗಳೂ ನುಗ್ಗಬೇಕು. ಹತ್ತು ಕೇಬಲ್ ಇದ್ರೂ ಹತ್ತೂ ಅಕ್ಕಪಕ್ಕದಲ್ಲೇ ಮಲಗಿದ್ರೆ ಅದನ್ನ ಹತ್ತು ದಾರಿ ಅಂತ ಹೇಗೆ ಲೆಕ್ಕ ಹಾಕೋದು?

ಯಾರು ಕತ್ತರಿಸಿದ್ದು?

ಯೆಮನ್‌ನ ಹೂಥಿ ಬಂಡುಕೋರರ ಹೆಸರು ತಕ್ಷಣ ಬಂತು, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡ್ತಿದ್ದವರು ಅವರೇ ಆದ್ರಿಂದ ಅನುಮಾನ ಬರೋದು ಸಹಜ. ಆದ್ರೆ ಕೇಬಲ್ ಉದ್ಯಮದ ಅಂತಾರಾಷ್ಟ್ರೀಯ ಸಮಿತಿಯವರು ಹೇಳಿದ್ದು, ಇದು ಮಾಮೂಲಿ ವ್ಯಾಪಾರಿ ಹಡಗಿನ ಲಂಗರು ಎಳೆದು ಆಗಿರೋ ಸಾಧ್ಯತೆನೇ ಜಾಸ್ತಿ ಅಂತ. ಪ್ರಪಂಚದಲ್ಲಿ ವರ್ಷಕ್ಕೆ 150ರಿಂದ 200 ಸಲ ಸಮುದ್ರದ ಕೇಬಲ್‌ಗಳಿಗೆ ಹಾನಿ ಆಗತ್ತೆ, ವಾರಕ್ಕೆ ಮೂರು ಅಂತ ಇಟ್ಕೊಳ್ಳಿ, ಅದರಲ್ಲಿ 70 80 ಪರ್ಸೆಂಟ್ ಮೀನಿನ ಬಲೆ ಮತ್ತೆ ಲಂಗರಿನಿಂದ. ಉಳಿದಿದ್ದು ಭೂಕಂಪ, ಸಮುದ್ರದೊಳಗಿನ ಮಣ್ಣು ಕುಸಿತ, ಹಳೇದಾಗಿ ಕೆಡೋದು ಇತ್ಯಾದಿ.

ಹಿಂದಿನ ಉದಾಹರಣೆ ನೋಡಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ರ ಇದೇ ಎಸ್‌ಎಂಡಬ್ಲ್ಯೂ-4 ಮತ್ತೆ ಫ್ಲ್ಯಾಗ್ ಅನ್ನೋ ಇನ್ನೊಂದು ಕೇಬಲ್ ಒಟ್ಟಿಗೆ ಹೋದ್ವು, ಭಾರತದ ಅರ್ಧದಷ್ಟು ಬ್ಯಾಂಡ್‌ವಿಡ್ತ್ ಮಾಯ, ಬಿಪಿಓಗಳು ಪರದಾಡಿದ್ವು. ಎರಡು ದಿನ ಬಿಟ್ಟು ದುಬೈ ಹತ್ರ ಫಾಲ್ಕನ್ ಕೇಬಲ್ಲೂ ಕಟ್. ಇಂಟರ್ನೆಟ್ ತುಂಬ ಪಿತೂರಿ ಕಥೆಗಳು, ಯಾವ ದೇಶ ಯಾವ ದೇಶದ ಮೇಲೆ ಯುದ್ಧಕ್ಕೆ ಹೊರಟಿದೆ ಅಂತೆಲ್ಲ. ಕೊನೆಗೆ ಫಾಲ್ಕನ್ ರಿಪೇರಿಗೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ಯಾರೋ ಬಿಟ್ಟು ಹೋಗಿದ್ದ ಟನ್‌ಗಟ್ಟಲೆ ತೂಕದ ಲಂಗರು.

2024ರ ಫೆಬ್ರವರಿಯದು ಎರಡೂ ಸೇರಿದ ಕಥೆ. ಹೂಥಿ ಕ್ಷಿಪಣಿ ರೂಬಿಮಾರ್ ಅನ್ನೋ ಹಡಗಿಗೆ ಬಡೀತು, ಸಿಬ್ಬಂದಿ ಲಂಗರು ಹಾಕಿ ಹಡಗು ಬಿಟ್ಟು ಹೋದ್ರು, ಅದು ಮುಳುಗೋ ಮುಂಚೆ ದಿನಗಟ್ಟಲೆ ತೇಲಾಡ್ತಾ ಲಂಗರು ಎಳ್ಕೊಂಡು ಹೋಯ್ತು, ಎಎಇ-1, ಇಐಜಿ, ಸೀಕಾಂ ಈ ಮೂರು ಕೇಬಲ್ ಹೋಗಿದ್ದು ಬಹುಶಃ ಅದರಿಂದಲೇ ಅಂತ ಅಂದಾಜು. ಕೇಬಲ್‌ಗೆ ಗುರಿ ಇಟ್ಟು ಹೊಡೆದಿದ್ದಲ್ಲ, ಆದ್ರೆ ಯುದ್ಧ ಇಲ್ದಿದ್ರೆ ಆಗ್ತಾನೂ ಇರ್ಲಿಲ್ಲ.

ಲಂಗರಿಂದ ಹೋಗ್ಲಿ, ಕ್ಷಿಪಣಿಯಿಂದ ಹೋಗ್ಲಿ, ಕೇಬಲ್ ಕಡಿದಿದ್ದು ಕಡಿದಿದ್ದೇ. ಜೋಡಿಸೋಕೆ ಬೇಕಾದ ಹಡಗೂ ಒಂದೇ, ಕೆಲಸಾನೂ ಒಂದೇ. ಅದಕ್ಕೇ ಯಾರು ಮಾಡಿದ್ರು ಅನ್ನೋದಕ್ಕಿಂತ ರಿಪೇರಿ ಎಲ್ಲಿ ಸಿಕ್ಕಾಕೊಳ್ಳತ್ತೆ ಅಂತ ನೋಡೋದು ವಾಸಿ.

ಕಡಲ ಮಧ್ಯೆ ಜಾಯಿಂಟ್ ಹಾಕೋದು ಹೇಗೆ

ಮೊದಲು ನೆಲದ ಮೇಲಿನ ಕೆಲಸ. ರಸ್ತೇಲಿ ಜೆಸಿಬಿ ಹೊಡೆದು ಫೈಬರ್ ಕಟ್ ಆದ್ರೆ ಟೀಮ್ ಬಂದು ಒಟಿಡಿಆರ್ ಅನ್ನೋ ಮಶೀನ್ ಹಚ್ತಾರೆ. ಅದು ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟು, ವಾಪಸ್ ಬರೋ ಬೆಳಕಿನ ಟೈಮ್ ನೋಡಿ ಎಷ್ಟು ದೂರದಲ್ಲಿ ಕಟ್ ಆಗಿದೆ ಅಂತ ಹೇಳತ್ತೆ. ಆಮೇಲೆ ಎಳೆ ಮೇಲಿನ ಕೋಟಿಂಗ್ ಸುಲಿದು, ಆಲ್ಕೋಹಾಲ್ ಹಾಕಿ ಒರೆಸಿ, ಕ್ಲೀವರ್‌ನಲ್ಲಿ ತುದಿ ನೇರವಾಗಿ ಕತ್ತರಿಸಿ, ಎರಡು ತುದಿ ಸ್ಪ್ಲೈಸಿಂಗ್ ಮಶೀನಿಗೆ ಇಡ್ತಾರೆ. ಗಾಜಿನ ಎಳೆ ದಪ್ಪ 125 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಎಂಟನೇ ಒಂದು ಭಾಗ, ಅದರ ನಡುವೆ ಬೆಳಕು ಹೋಗೋ ದಾರಿ ಒಂಬತ್ತು ಹತ್ತು ಮೈಕ್ರಾನ್ ಅಷ್ಟೇ. ಮಶೀನ್ ಎರಡನ್ನೂ ಎದುರುಬದುರು ಸರಿಯಾಗಿ ಕೂರಿಸಿ, ಕರೆಂಟಿನ ಕಿಡಿ ಹಾರಿಸಿ ಗಾಜನ್ನ ಕರಗಿಸಿ ಒಂದು ಮಾಡತ್ತೆ, ಸ್ಕ್ರೀನ್ ಮೇಲೆ ಲಾಸ್, ಅಂದ್ರೆ ಜಾಯಿಂಟಲ್ಲಿ ಕಳೆದುಹೋಗೋ ಬೆಳಕು, ಎಷ್ಟು ಡೆಸಿಬಲ್ (ಡಿಬಿ) ಅಂತ ಬರತ್ತೆ, 0.02, 0.03 ಡಿಬಿ ಬಂದ್ರೆ ಒಳ್ಳೆ ಜಾಯಿಂಟ್. ಧೂಳೊಂದು ಕೂತಿದ್ರೆ ಮತ್ತೆ ಕತ್ತರಿಸಿ ಮತ್ತೆ ಮಾಡು. ಕೈ ಪಳಗಿದವರಿಗೆ ಒಂದು ಎಳೆಗೆ ಕೆಲವೇ ನಿಮಿಷದ ಕೆಲಸ.

ಸಮುದ್ರದಲ್ಲೂ ಗಾಜು ಕರಗಿಸೋ ವಿಧಾನ ಇದೇನೇ. ಆದ್ರೆ ಅದರ ಹಿಂದೆ ಮುಂದೆ ಬರೋದು ಬೇರೆ. ದಡದ ಸ್ಟೇಷನ್ನಿಂದಲೇ ಫಾಲ್ಟ್ ಎಲ್ಲಿದೆ ಅಂತ ಅಳೀತಾರೆ, ನಡುವೆ ರಿಪೀಟರ್‌ಗಳು ಇರೋದ್ರಿಂದ ಮಾಮೂಲಿ ಒಟಿಡಿಆರ್ ಸಾಲಲ್ಲ, ಬೇರೆ ತರದ ಟೆಸ್ಟ್ ಸೆಟ್ ಬೇಕು, ತಾಮ್ರದ ಕರೆಂಟ್ ಅಳತೆ ಇಟ್ಕೊಂಡೂ ಲೆಕ್ಕ ಹಾಕ್ತಾರೆ. ಕೇಬಲ್ ಹಡಗು ಡಿಪೋಗೆ ಹೋಗಿ ಅದೇ ಕೇಬಲ್ಲಿಗೆ ಹೊಂದೋ ಸ್ಪೇರ್ ತುಂಬ್ಕೊಂಡು ಆ ಜಾಗಕ್ಕೆ ಬರಬೇಕು. ಆಳ ಕಮ್ಮಿ ಇದ್ರೆ ರೋಬೋ ಇಳಿಸಿ ತುದಿ ಹಿಡೀತಾರೆ, ಆಳ ಜಾಸ್ತಿ ಇದ್ರೆ ಇವತ್ತಿಗೂ ಹಗ್ಗಕ್ಕೆ ಕೊಕ್ಕೆ ಕಟ್ಟಿ ತಳದಲ್ಲಿ ಎಳೆದು ಸಿಕ್ಕಿಸೋದೇ! ಟೆಲಿಗ್ರಾಫ್ ಕಾಲದ ವಿಧಾನ, ಇನ್ನೂ ಬದಲಾಗಿಲ್ಲ.

ಒಂದು ತುದಿ ಮೇಲೆ ಬಂತಾ, ಉಪ್ಪುನೀರು ಹೊಕ್ಕಿರೋ ಭಾಗ ಕತ್ತರಿಸಿ ಎಸೆದು, ದಡದ ತನಕ ಸರಿ ಇದೆಯಾ ಟೆಸ್ಟ್ ಮಾಡಿ, ಸೀಲ್ ಮಾಡಿ ಬೋಯ್‌ಗೆ (ನೀರಲ್ಲಿ ತೇಲೋ ಗುರುತಿನ ಡಬ್ಬ) ಕಟ್ಟಿ ತೇಲಿಬಿಡ್ತಾರೆ. ಆಮೇಲೆ ಇನ್ನೊಂದು ತುದಿ ಹುಡುಕಿ ಎತ್ತಿ ಅದಕ್ಕೆ ಸ್ಪೇರ್ ಕೇಬಲ್ ಜೋಡಿಸಿ, ಅದನ್ನ ಬಿಡ್ತಾ ಬೋಯ್ ಹತ್ರ ವಾಪಸ್ ಬಂದು ಕೊನೇ ಜಾಯಿಂಟ್. ಕಟ್ ಆಗಿರೋದು ಒಂದೇ ಕಡೆ ಆದ್ರೂ ಜಾಯಿಂಟ್ ಎರಡು ಯಾಕೆ ಅಂದ್ರೆ, ತಳದಲ್ಲಿ ಬಿಗಿಯಾಗಿ ಮಲಗಿರೋ ಕೇಬಲ್‌ನ ಎರಡೂ ತುದಿ ಎಳೆದು ಹಡಗಿನ ಡೆಕ್ ಮೇಲೆ ಒಟ್ಟಿಗೆ ತರೋಕೆ ಉದ್ದ ಸಾಲಲ್ಲ, ನಡುವೆ ತುಂಡು ಸೇರಿಸಲೇಬೇಕು. ಒಂದೊಂದು ಜಾಯಿಂಟ್‌ಗೂ ಗಾಜು ಬೆಸೆದು, ಸ್ಟೀಲ್ ತಂತಿ, ತಾಮ್ರ ಕೂಡಿಸಿ, ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದು, ಒಳಗೆ ಗಾಳಿಗುಳ್ಳೆ ಇದೆಯಾ ಅಂತ ಎಕ್ಸ್‌ರೇ ತೆಗೀತಾರೆ. ಯಾಕಂದ್ರೆ ಸಾವಿರಾರು ವೋಲ್ಟ್ ಹೋಗೋ ಕಡೆ ಒಂದು ಗುಳ್ಳೆ ಉಳಿದ್ರೂ ನೀರು ನುಗ್ಗಿ ಮತ್ತೆ ಹೋಗತ್ತೆ, ಮತ್ತೆ ಹಡಗು ಕರೆಸಬೇಕು. ಇಷ್ಟಕ್ಕೆ ಅರ್ಧ ದಿನದಿಂದ ಒಂದು ದಿನ. ಹವಾಮಾನ ಚೆನ್ನಾಗಿದ್ರೆ ಹುಡುಕಿ, ಎತ್ತಿ, ಜೋಡಿಸಿ, ಇಳಿಸೋದೆಲ್ಲ ಸೇರಿ ಒಂದು ವಾರದಾಚೆ ಈಚೆ ಮುಗಿಯೋ ಕೆಲಸ.

ಹಂಗಾದ್ರೆ ತಿಂಗಳುಗಟ್ಟಲೆ ಹೋಗೋದು ಎಲ್ಲಿ?

ಹಡಗು ಮತ್ತೆ ಪರ್ಮಿಷನ್. ಪ್ರಪಂಚದಲ್ಲಿ ಕೇಬಲ್ ಹಡಗುಗಳೇ ಅರವತ್ತರ ಆಸುಪಾಸು, ಅದರಲ್ಲಿ ಹೊಸ ಕೇಬಲ್ ಎಳೆಯೋಕೆ ಹೋಗಿರೋವು ಒಂದಷ್ಟು, ಹಳೇವು ಒಂದಷ್ಟು. ಒಂದು ಪ್ರದೇಶಕ್ಕೆ ಅಂತ ಒಪ್ಪಂದ ಮಾಡ್ಕೊಂಡು ಒಂದೆರಡು ಹಡಗು ಸ್ಟ್ಯಾಂಡ್‌ಬೈ ಇಟ್ಟಿರ್ತಾರೆ, ಒಂದೇ ವಾರ ಮೂರು ಕೇಬಲ್ ಹೋದ್ರೆ ಕ್ಯೂ. 2022ರ ಜನವರಿಯಲ್ಲಿ ಪೆಸಿಫಿಕ್‌ನ ಪುಟ್ಟ ದ್ವೀಪದೇಶ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿದು ಅವರಿಗಿದ್ದ ಒಂದೇ ಒಂದು ಅಂತಾರಾಷ್ಟ್ರೀಯ ಕೇಬಲ್ ಹೋದಾಗ ಹಡಗು ಪಪುವಾ ನ್ಯೂಗಿನಿಯಿಂದ ಬರಬೇಕಾಯ್ತು, ದೇಶ ಮತ್ತೆ ಆನ್‌ಲೈನ್ ಆಗೋಕೆ ಐದು ವಾರ.

ಎರಡನೇದು ಇನ್ನೂ ದೊಡ್ಡ ತಲೆನೋವು. ದಡದಿಂದ 12 ನಾಟಿಕಲ್ ಮೈಲಿ ಒಳಗೆ ಆ ದೇಶದ ಅನುಮತಿ ಇಲ್ದೆ ಕೆಲಸ ಮಾಡೋ ಹಂಗೇ ಇಲ್ಲ. ಅದರಾಚೆ ವಿಶ್ವಸಂಸ್ಥೆಯ ಸಮುದ್ರ ಕಾನೂನು ಕೇಬಲ್ ಹಾಕೋಕೆ ಸ್ವಾತಂತ್ರ್ಯ ಕೊಡತ್ತೆ, ಆದ್ರೂ ಎಷ್ಟೋ ದೇಶಗಳು ಅಲ್ಲೂ ಪೇಪರ್ ಕೇಳ್ತಾವೆ. 2024ರ ಕೆಂಪು ಸಮುದ್ರದ ಕೇಸಲ್ಲಿ ಸಮಸ್ಯೆ ಏನಂದ್ರೆ ಯೆಮನ್‌ನಲ್ಲಿ ಎರಡು ಆಡಳಿತ, ಸನಾದಲ್ಲಿ ಹೂಥಿಗಳು, ಏಡನ್‌ನಲ್ಲಿ ಪ್ರಪಂಚ ಒಪ್ಪಿರೋ ಸರ್ಕಾರ. ಒಬ್ಬರ ಹತ್ರ ಪರ್ಮಿಷನ್ ತಗೊಂಡ್ರೆ ಇನ್ನೊಬ್ಬರಿಗೆ ಕೋಪ, ಮೇಲೆ ಕ್ಷಿಪಣಿ ಭಯ, ಹಡಗಿನ ಇನ್ಶೂರೆನ್ಸ್ ರೇಟ್ ಬೇರೆ. ಫೆಬ್ರವರಿಲಿ ಹೋದ ಎಎಇ-1 ಸರಿ ಹೋಗಿದ್ದು ಜುಲೈ ಹೊತ್ತಿಗೆ. ಐದು ತಿಂಗಳಲ್ಲಿ ಗಾಜು ಬೆಸೆಯೋಕೆ ಹಿಡಿದಿದ್ದು ಗಂಟೆಗಳ ಲೆಕ್ಕ.

ಜೆಡ್ಡಾ ಹತ್ರ ಆಗಿದ್ದು ಸೌದಿ ಕಡೆ, ಅಲ್ಲಿ ಕೇಳೋಕೆ ಒಂದೇ ಸರ್ಕಾರ ಇರೋದು, ಆ ಮಟ್ಟಿಗೆ ಪುಣ್ಯ. ಇದೇ ಕಟ್ ಸ್ವಲ್ಪ ದಕ್ಷಿಣಕ್ಕೆ, ಯೆಮನ್ ಹತ್ರ ಆಗಿದ್ರೆ ಪಾಡು ಬೇರೆ ಇತ್ತು.

ನಮ್ಮ ಮನೆಯೊಳಗಿನ ತೂತು

ಬೇರೆಯವರನ್ನ ಬೈಯೋ ಮುಂಚೆ ನಮ್ಮದನ್ನೂ ನೋಡಬೇಕು. 2023ರ ಜೂನ್‌ನಲ್ಲಿ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಸಮುದ್ರ ಕೇಬಲ್‌ಗಳ ಬಗ್ಗೆ ಶಿಫಾರಸು ಕೊಡ್ತು. ಅದರ ಪ್ರಕಾರ ಆಗ ಭಾರತಕ್ಕೆ ಬರ್ತಿದ್ದ ಅಂತಾರಾಷ್ಟ್ರೀಯ ಕೇಬಲ್ 17, ಅವು ದಡಕ್ಕೆ ಬಂದು ಸೇರೋ ಸ್ಟೇಷನ್ 14, ಅವೂ ಐದೇ ಊರಲ್ಲಿ, ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ. ಅದರಲ್ಲೂ ಬಹುಪಾಲು ಮುಂಬೈನ ವರ್ಸೋವಾ ಕಡೆಯ ಕೆಲವೇ ಕಿಲೋಮೀಟರ್ ದಡದಲ್ಲಿ ಮೇಲೆ ಬರ್ತವೆ, ಅಲ್ಲೇ ಮೀನುಗಾರರ ದೋಣಿಗಳೂ ಇರೋದು. ಕೆಂಪು ಸಮುದ್ರದ ಕಿಂಡಿ ಬಗ್ಗೆ ಚಿಂತೆ ಮಾಡೋ ನಾವೇ ನಮ್ಮಲ್ಲೊಂದು ಕಿಂಡಿ ಮಾಡ್ಕೊಂಡಿದೀವಿ.

ಇನ್ನು ರಿಪೇರಿ. ಭಾರತದ ಧ್ವಜ ಇರೋ ಕೇಬಲ್ ರಿಪೇರಿ ಹಡಗು ನಮ್ಮಲ್ಲಿಲ್ಲ ಅನ್ನೋದು ಟ್ರಾಯ್ ಎತ್ತಿದ ದೊಡ್ಡ ವಿಷಯ. ಹೊರಗಿನ ಹಡಗೇ ಬರಬೇಕು, ಬಂದ್ರೆ ಗೃಹ, ರಕ್ಷಣೆ, ಶಿಪ್ಪಿಂಗ್, ಕಸ್ಟಮ್ಸ್ ಅಂತ ಒಂದೊಂದು ಇಲಾಖೆ ಕ್ಲಿಯರೆನ್ಸ್. ಹಡಗು ನಮ್ಮ ನೀರಿಗೆ ಬಂತು ಅಂದ್ರೆ ಅದನ್ನ ಆಮದು ಮಾಡ್ದಂಗೆ ಲೆಕ್ಕ ಹಾಕಿ ಡ್ಯೂಟಿ ಕೇಳೋ ಪರಿಸ್ಥಿತಿನೂ ಇತ್ತು. ರಿಪೇರಿಗೆ ಬಂದ ಆಂಬುಲೆನ್ಸಿಗೆ ಟೋಲ್ ಕೇಳಿದ್ರು ಅಂತ ಯಾರಾದ್ರೂ ಬೈದ್ರೆ ತಪ್ಪಿಲ್ಲ. ಡ್ಯೂಟಿ, ಜಿಎಸ್‌ಟಿ ಬಿಡಿ, ಕೇಬಲ್‌ಗಳನ್ನ ಅತಿ ಮುಖ್ಯ ಸೌಕರ್ಯ ಅಂತ ಪರಿಗಣಿಸಿ, ಅನುಮತಿ ಎಲ್ಲ ಒಂದೇ ಕಿಟಕಿಯಲ್ಲಿ ಕೊಡಿ, ಸ್ವದೇಶಿ ರಿಪೇರಿ ಹಡಗಿಗೆ ಪ್ರೋತ್ಸಾಹ ಕೊಡಿ ಅಂತ ಟ್ರಾಯ್ ಕೇಳಿತ್ತು.

ಹಡಗಿನ ವಿಷಯದಲ್ಲಿ ಎರಡು ವಾದ ಇದೆ, ಎರಡರಲ್ಲೂ ಹುರುಳಿದೆ. ಒಂದು ಕಡೆಯವರು ಹೇಳೋದು, ಇಷ್ಟು ದೊಡ್ಡ ಐಟಿ ದೇಶ ಸಿಂಗಾಪುರದಿಂದಲೋ ಯುಎಇಯಿಂದಲೋ ಹಡಗು ಬರ್ಲಿ ಅಂತ ಕಾಯೋದಾ, ಯುದ್ಧಗಿದ್ಧ ಆದ್ರೆ ಅವರು ಬರ್ದೇ ಇದ್ರೆ ಏನು ಮಾಡ್ತೀರಾ ಅಂತ. ಇನ್ನೊಂದು ಕಡೆಯವರದು ಖರ್ಚಿನ ಲೆಕ್ಕ, ಕೇಬಲ್ ಹಡಗು ಅಂದ್ರೆ ನೂರಾರು ಕೋಟಿ, ನಮ್ಮ ನೀರಲ್ಲಿ ವರ್ಷಕ್ಕೆ ಆಗೋ ಫಾಲ್ಟ್ ಕೆಲವೇ, ಉಳಿದ ದಿನ ಸಿಬ್ಬಂದಿ ಸಂಬಳ ಕೊಟ್ಕೊಂಡು ಸುಮ್ಮನೆ ಕಟ್ಟಿಡಬೇಕು, ಅದಕ್ಕೇ ಪ್ರಪಂಚದಲ್ಲೆಲ್ಲ ಹಂಚ್ಕೊಂಡು ಇಟ್ಕೊಳ್ಳೋದು. ನನ್ನ ಲೆಕ್ಕದಲ್ಲಿ ಮೊದಲು ಆಗಬೇಕಿರೋದು ಪರ್ಮಿಷನ್ ಕೆಲಸ, ಅದಕ್ಕೆ ದುಡ್ಡೂ ಬೇಡ. ನಮ್ಮದೇ ಹಡಗಿದ್ರೂ ಜೆಡ್ಡಾ ಹತ್ರ ಕಟ್ ಆದಾಗ ಅದು ಸೌದಿ ಒಪ್ಪಿಗೆ ಇಲ್ದೆ ಒಳಗೆ ಹೋಗಲ್ಲ ಅನ್ನೋದು ಈ ಚರ್ಚೇಲಿ ಮರೆತೇ ಹೋಗತ್ತೆ.

ಸ್ಯಾಟಲೈಟ್, ಬೇರೆ ದಾರಿ, ಮಂಗಳೂರು

ಸ್ಟಾರ್‌ಲಿಂಕ್ ಬಂದ್ರೆ ಇದೆಲ್ಲ ಬೇಕಾಗಲ್ಲ ಅನ್ನೋರಿಗೆ ಉತ್ತರ ಚಿಕ್ಕದು. ದೇಶ ದೇಶದ ನಡುವಿನ ಡೇಟಾದಲ್ಲಿ 95 ಪರ್ಸೆಂಟ್‌ಗೂ ಜಾಸ್ತಿ ಹೋಗೋದು ಕೇಬಲ್‌ನಲ್ಲಿ. ಕಾಡಿನ ಹಳ್ಳಿಗೆ, ಹಡಗಿಗೆ, ಟೊಂಗಾ ತರದ ತುರ್ತಿಗೆ ಸ್ಯಾಟಲೈಟ್ ಸರಿ, ಒಂದು ದೇಶದ ಡೇಟಾ ಪೂರ್ತಿ ಹೊರೋಕೆ ಆಗಲ್ಲ.

ನಿಜವಾದ ಬದಲಿ ಅಂದ್ರೆ ಬೇರೆ ಭೂಗೋಳದ ಕೇಬಲ್. ಗೂಗಲ್‌ನ ಬ್ಲೂ ರಾಮನ್ ಕೇಬಲ್ ಈಜಿಪ್ಟ್ ಬಿಟ್ಟು ಇಸ್ರೇಲ್, ಜೋರ್ಡಾನ್ ಮೇಲೆ ಬರೋ ಪ್ಲಾನ್, ಜೋರ್ಡಾನ್‌ನಿಂದ ಮುಂಬೈಗೆ ಬರೋ ಭಾಗಕ್ಕೆ ನಮ್ಮ ಸರ್ ಸಿ.ವಿ. ರಾಮನ್ ಹೆಸರೇ ಇಟ್ಟಿದಾರೆ. ಬೆಳಕಿನ ಕೇಬಲ್ಲಿಗೆ ಬೆಳಕಿನ ವಿಜ್ಞಾನಿ ಹೆಸರು, ಚೆನ್ನಾಗೇ ಇದೆ. ಆದ್ರೆ ಅದೂ ಕೆಂಪು ಸಮುದ್ರದಲ್ಲೇ ಇಳಿದು ಅದೇ ಬಾಬ್ ಎಲ್ ಮಂದೇಬ್ ದಾಟಬೇಕು. ಆಫ್ರಿಕಾ ಸುತ್ತು ಹಾಕೋ ಮೆಟಾದ 2ಆಫ್ರಿಕಾ ಕೇಬಲ್ ಇದೆ, ಅದಕ್ಕೆ ದೂರ ಜಾಸ್ತಿ, ಅದರಲ್ಲೂ ಕೆಂಪು ಸಮುದ್ರದ ತುಂಡೇ ತಡ ಆಗಿರೋದು. ಗಲ್ಫ್‌ನಿಂದ ಇರಾಕ್, ಟರ್ಕಿ ಮೇಲೆ ನೆಲದ ದಾರಿ ಮಾಡೋ ಮಾತುಗಳೂ ಇದಾವೆ, ಅಲ್ಲಿ ಲಂಗರಿನ ಕಾಟ ಇಲ್ಲ, ಬದಲಿಗೆ ಗಡಿಗಡಿಗೂ ಒಂದೊಂದು ಸರ್ಕಾರ.

ಕರ್ನಾಟಕಕ್ಕೆ ಬಂದ್ರೆ, ನಮ್ಮ ಕರಾವಳಿ 300 ಕಿಲೋಮೀಟರ್ ಇದ್ರೂ ಟ್ರಾಯ್ ಪಟ್ಟಿಯ ಆ ಐದು ಊರಲ್ಲಿ ನಮ್ಮದು ಒಂದೂ ಇಲ್ಲ. ಬೆಂಗಳೂರಿಂದ ಹೊರಟ ಡೇಟಾ ನೆಲದ ಫೈಬರ್ ಮೇಲೆ ಮುಂಬೈಗೋ ಚೆನ್ನೈಗೋ ಹೋಗಿ ಸಮುದ್ರ ಕಾಣತ್ತೆ, ಆ ನೆಲದ ಫೈಬರ್ ಹೈವೇ ಅಗಲೀಕರಣದ ಜೆಸಿಬಿಗೆ ಸಿಗೋದು ಬೇರೆ. ಮಂಗಳೂರಿಗೆ ಕೇಬಲ್ ಸ್ಟೇಷನ್ ಬೇಕು ಅನ್ನೋ ಬೇಡಿಕೆ ಇದರಿಂದಲೇ ಹುಟ್ಟಿದ್ದು. ಅದರಿಂದ ಸಿಗೋ ಲಾಭ ನಿಜ, ವರ್ಸೋವಾ ಮೇಲಿನ ಹೊರೆ ಹಂಚತ್ತೆ, ಬೆಂಗಳೂರಿಗೆ ಮೂರನೇ ಬಾಗಿಲು ಸಿಗತ್ತೆ, ಕರಾವಳೀಲಿ ಡೇಟಾ ಸೆಂಟರ್ ಬರೋ ದಾರಿಯಾಗತ್ತೆ. ಆದ್ರೆ ಮಂಗಳೂರಿಂದ ಪಶ್ಚಿಮಕ್ಕೆ ಹೊರಟ ಕೇಬಲ್ಲೂ ಅರಬ್ಬಿ ಸಮುದ್ರ ದಾಟಿ ಅದೇ ಬಾಬ್ ಎಲ್ ಮಂದೇಬ್‌ಗೇ ಹೋಗೋದಾದ್ರೆ ಜೆಡ್ಡಾ ಕಟ್‌ಗೆ ಅದು ಔಷಧಿ ಅಲ್ಲ. ಹಂಗಾಗಿ ಸ್ಟೇಷನ್ ಯಾವ ಊರಿಗೆ ಬಂತು ಅನ್ನೋದರ ಜೊತೆಗೆ ಅಲ್ಲಿಗೆ ಬರೋ ಕೇಬಲ್‌ನ ಇನ್ನೊಂದು ತುದಿ ಎಲ್ಲಿದೆ, ಸಿಂಗಾಪುರವೋ, ಆಫ್ರಿಕಾದ ಪೂರ್ವ ದಡವೋ, ಮಾರ್ಸೇಲೋ ಅಂತಾನೂ ಈ ಬೇಡಿಕೆ ಇಡೋರು ಕೇಳಬೇಕು.